ತಗ್ಗಿಸಿ ಹಾಡಿದ ಶೋಭಾನೆ

ಬಾಳೆಹೊನ್ನೂರಿನ ನಮ್ಮ ಮನೆಯಲ್ಲಿ ಸದ್ದಿಲ್ಲದ ಕೋಣೆ ಅಂತ ಇದ್ದದ್ದು ಒಂದೇ, ಬಟ್ಟೆ ಕೋಣೆ. ಮುಂದೆ ರಸ್ತೆಗೆ ಅಜ್ಜನ ಜವಳಿ ಅಂಗಡಿ, ಅಂಗಡಿಯ ಹಿಂದೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಕೋಣೆ, ಎಡಕ್ಕೆ ಬಟ್ಟೆ ಕೋಣೆ, ಅದರಾಚೆ ಅಡುಗೆಮನೆ. ಬಸ್‌ಸ್ಟ್ಯಾಂಡು ಕೂಗಳತೆಯಲ್ಲಿತ್ತು. ಕೊಪ್ಪಕ್ಕೆ ಹೋಗುವ ಬಸ್ಸು, ಶೃಂಗೇರಿಗೆ ಹೋಗುವ ಬಸ್ಸು, ಎನ್.ಆರ್. ಪುರದಿಂದ ಬರುವ ಬಸ್ಸು, ಎಲ್ಲದರ ಹಾರನ್ನೂ ನಮಗೆ ಬೇರೆ ಬೇರೆಯಾಗಿ ಗೊತ್ತಿತ್ತು. ಅಜ್ಜ ಗಡಿಯಾರ ನೋಡುತ್ತಲೇ ಇರಲಿಲ್ಲ, ಬಸ್ಸಿನ ಹಾರನ್ನು ಕೇಳಿ ಮಾತ್ರೆ ನುಂಗುತ್ತಿದ್ದರು. ಆದರೆ ಬಟ್ಟೆ ಕೋಣೆಗೆ ಕಾಲಿಟ್ಟು ಬಾಗಿಲು ಎಳೆದುಕೊಂಡರೆ ಅದೆಲ್ಲ ನಿಂತುಹೋಗುತ್ತಿತ್ತು. ಮೂರು ಗೋಡೆಗೂ ನೆಲದಿಂದ ಮಾಡಿನವರೆಗೆ ಪಂಚೆ, ಟವೆಲು, ಕಂಬಳಿ, ರವಿಕೆ ಬಟ್ಟೆಯ ಥಾನುಗಳನ್ನು ಒಟ್ಟಿರುತ್ತಿದ್ದರು. ಹೊಸ ಬಟ್ಟೆಯ ಗಂಜಿಯ ವಾಸನೆ. ಅಮ್ಮನ ಮೇಲೆ ಕೋಪ ಬಂದಾಗ ನಾನು ಹೋಗಿ ಕೂರುತ್ತಿದ್ದದ್ದು ಅಲ್ಲೇ. ಎಷ್ಟು ಅತ್ತರೂ ಹೊರಗೆ ಕೇಳುತ್ತಿರಲಿಲ್ಲ. ಹಾಗಾಗಿ ಸಮಾಧಾನ ಮಾಡಲು ಯಾರೂ ಬರುತ್ತಲೂ ಇರಲಿಲ್ಲ, ಹಸಿವಾದಾಗ ನಾನೇ ಎದ್ದು ಬರಬೇಕಾಗಿತ್ತು.

ಮನೆಯ ಸದ್ದುಗಳಲ್ಲೆಲ್ಲ ದೊಡ್ಡ ಸದ್ದು ನಮ್ಮ ಅಜ್ಜಿಯದು. ಅಪ್ಪನ ತಾಯಿ ಸಿದ್ದಮ್ಮ. ಗಲ್ಲಾದ ಮುಂದೆ ಕೂತ ಅಜ್ಜನನ್ನು ಊಟಕ್ಕೆ ಕರೆಯಲು ಅವಳು ಅಡುಗೆಮನೆ ಬಿಟ್ಟು ಏಳುತ್ತಿರಲಿಲ್ಲ. ಕೂತಲ್ಲಿಂದ ಕೂಗಿದರೆ ಅಜ್ಜನ ಜೊತೆ ಎದುರು ಹೋಟೆಲಿನವನೂ ತಿರುಗಿ ನೋಡುತ್ತಿದ್ದ. ಸಂಜೆ ಪೂಜೆಗೆ ಕೂತು ಹಣೆಗೆ ವಿಭೂತಿ ಹಚ್ಚಿಕೊಂಡು ಮಂಗಳಾರತಿ ಪದ ಎತ್ತಿದಳೆಂದರೆ ಅಂಗಡಿಯಲ್ಲಿದ್ದ ಗಿರಾಕಿಗಳು ಬಟ್ಟೆಯ ಬೆಲೆ ಕೇಳುವುದನ್ನು ನಿಲ್ಲಿಸುತ್ತಿದ್ದರು. ಭಕ್ತಿಯಿಂದ ಅಲ್ಲ, ಕೇಳಿದರೂ ಅಜ್ಜನಿಗೆ ಕೇಳಿಸುತ್ತಿರಲಿಲ್ಲ. ಆದರೆ ಅವಳು ಹೆಸರಾದದ್ದು ಶೋಭಾನೆಗೆ. ಮದುವೆಯಲ್ಲಿ ಎಣ್ಣೆ ಹಚ್ಚುವಾಗ, ಹೆಣ್ಣನ್ನು ಹಸೆಗೆ ಕರೆಯುವಾಗ, ಬೀಗರನ್ನು ಎದುರುಗೊಳ್ಳುವಾಗ ಹೆಂಗಸರು ಹಾಡುತ್ತಾರಲ್ಲ, ಅದು. ಹೆಣ್ಣಿನ ಕಡೆಯವರು ಒಂದು ಎತ್ತಿದರೆ ಗಂಡಿನ ಕಡೆಯವರು ಇನ್ನೊಂದು ಎತ್ತಬೇಕು. ಯಾರ ದನಿ ಮೊದಲು ಸೋತಿತೋ ಅವರಿಗೆ ಬೀಗರೂಟದವರೆಗೂ ಗೇಲಿ ತಪ್ಪಿದ್ದಲ್ಲ. ವಾಲಗ ಊದುತ್ತಿರುತ್ತದೆ, ಮಕ್ಕಳು ಅಳುತ್ತಿರುತ್ತವೆ, ಅಡುಗೆಯವರು ಕೊಪ್ಪರಿಗೆ ಎಳೆಯುತ್ತಿರುತ್ತಾರೆ. ಅಷ್ಟರ ಮೇಲೂ ಕೇಳಬೇಕು. ಶೆಟ್ಟಿಕೊಪ್ಪದ ನೆಂಟರಿರಲಿ, ಶೃಂಗೇರಿ ಕಡೆ ಅಡ್ಡಗದ್ದೆಯ ಪರಿಚಯದವರಿರಲಿ, ಮದುವೆಗೆ ದಿನ ಗೊತ್ತಾದ ಕೂಡಲೇ ಮೊದಲು ಬಂದು ಎಲೆಅಡಿಕೆ ಕೊಟ್ಟು ಹೇಳುತ್ತಿದ್ದದ್ದು ಅಜ್ಜಿಗೆ. ನಾನು ಅವಳ ಸೆರಗು ಹಿಡಿದು ಹೋಗುತ್ತಿದ್ದೆ. ಅವಳು ಹಾಡುವಾಗ ಮಗ್ಗುಲಲ್ಲಿ ಕೂತರೆ ಕಿವಿ ಗುಂಯ್ ಅನ್ನುತ್ತಿತ್ತು, ನಾನು ಆ ಜಾಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ಬಾಯಿಗೆ ಹಾಡಿನಿಂದ ಬಿಡುವು ಸಿಕ್ಕಾಗೆಲ್ಲ ಎಲೆಅಡಿಕೆ, ಜೊತೆಗೆ ಹೊಗೆಸೊಪ್ಪು. ಅದರ ಬಗ್ಗೆ ಅವಳಿಗೆ ಯಾರೂ ಏನೂ ಹೇಳುವಂತಿರಲಿಲ್ಲ. ಒಂದು ಬೇಸಿಗೆಯಲ್ಲಿ ನುಂಗುವಾಗ ನೋವು ಅಂತ ರೊಟ್ಟಿ ಬಿಟ್ಟಳು, ಆಮೇಲೆ ಅನ್ನವನ್ನೂ ಕಿವುಚಿ ಮಜ್ಜಿಗೆ ಕಲಸಿಕೊಂಡು ಕುಡಿಯತೊಡಗಿದಳು. ಬೆಳಿಗ್ಗೆ ಎದ್ದಾಗ ದನಿ ಒಡೆದಿರುತ್ತಿತ್ತು, ಹೊತ್ತೇರಿದ ಹಾಗೆ ಸರಿಯಾಗುತ್ತಿತ್ತು. ಅಪ್ಪ ಅವಳನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿ ಬಂದ. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯ ಸಮೇತ ತೆಗೆದರೆ ಜೀವ ಉಳಿಯುತ್ತದೆ, ಬಿಟ್ಟರೆ ಇಲ್ಲ. ಅಪ್ಪ ಯಾವ ಮಾತನ್ನೂ ಸುತ್ತಿ ಬಳಸಿ ಹೇಳುವವನು, ಗಿರಾಕಿಗೆ ಇಲ್ಲ ಅನ್ನಲು ಕೂಡ ಕಾಫಿ ತರಿಸುತ್ತಿದ್ದ. ಅವತ್ತು ಎಲ್ಲರೂ ಊಟಕ್ಕೆ ಕೂತಿದ್ದಾಗ ತಟ್ಟೆ ನೋಡಿಕೊಂಡೇ ಹೇಳಿಬಿಟ್ಟ.

“ಅವ್ವ, ಆಪರೇಷನ್ ಆದ್ಮೇಲೆ ಮಾತು ಬರಲ್ಲಂತೆ.”

“ಎಷ್ಟು ದಿನ?”

“ದಿನದ ಲೆಕ್ಕ ಅಲ್ಲ ಅವ್ವ. ಇನ್ನು ಬರದೇ ಇಲ್ಲ.”

ಅಜ್ಜಿ ಲೋಟ ಕೆಳಗಿಟ್ಟು ನನ್ನ ಅಮ್ಮ ಲಲಿತಳ ಕಡೆ ನೋಡಿದಳು.

“ಲಲಿತನ ಪೂಜೆ ಫಲ ಕೊಡ್ತು ಬಿಡು,” ಅಂದಳು.

ನಗಬೇಕಾದ ಮಾತು, ಯಾರೂ ನಗಲಿಲ್ಲ. ಅಮ್ಮ ಬಡಿಸುತ್ತಿದ್ದ ಸೌಟು ಹಿಡಿದೇ ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅಪ್ಪನೇ ಎದ್ದು ತನಗೆ ಬೇಕಾದ್ದು ಬಡಿಸಿಕೊಂಡ. ಅಮ್ಮ ಮತ್ತು ಅಜ್ಜಿಯ ಜಗಳಗಳು ನನಗೆ ಬಾಯಿಪಾಠವಾಗಿದ್ದವು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದ ಜಗಳ, ಅಮ್ಮನ ತವರಿನವರು ಬಂದಾಗ ಹೋಳಿಗೆ ಮಾಡಲಿಲ್ಲವೆಂಬ ಜಗಳ, ಇನ್ನೂ ಎಷ್ಟೋ. ಅಜ್ಜಿಯ ಬಾಯಿ ಯಾವತ್ತು ಮುಚ್ಚುತ್ತದೋ ಅಂತ ಅಮ್ಮ ಹಿತ್ತಲಲ್ಲಿ ಗೊಣಗಿದ್ದನ್ನು ನಾನೇ ಕೇಳಿದ್ದೆ. ಈಗ ಒಳಗೆ ಅಳುತ್ತಿದ್ದವಳೂ ಅವಳೇ. ನನಗೆ ಅದು ಆವಾಗ ಅರ್ಥವಾಗದೆ, ಅಮ್ಮನ ಮೇಲೆ ಸ್ವಲ್ಪ ಸಿಟ್ಟೂ ಬಂದಿತ್ತು.

ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾದ ಕೂಡಲೇ ಫೋನ್ ಮಾಡುತ್ತೇವೆ, ಅವತ್ತೇ ಹೊರಟು ಬನ್ನಿ ಅಂದಿದ್ದರು. ಅಷ್ಟರೊಳಗೆ ಅಜ್ಜಿಯ ಹಾಡುಗಳನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಿಡೋಣ ಅಂತ ಹೊರಟವನು ಚಿಕ್ಕಪ್ಪ. ಅಪ್ಪನ ತಮ್ಮ ಮಹೇಶ, ಆಗಿನ್ನೂ ಮದುವೆಯಾಗಿರಲಿಲ್ಲ. ಅಂಗಡಿಯ ಒಂದು ಮೂಲೆಯಲ್ಲಿ ಗಾಜಿನ ಕಪಾಟು ಇಟ್ಟುಕೊಂಡು ಕ್ಯಾಸೆಟ್ ಮಾರುತ್ತಿದ್ದ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತೇನೆ ಅಂತಲೂ ಬೋರ್ಡು ಹಾಕಿಕೊಂಡಿದ್ದ. ಅವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿರಲಿಲ್ಲ, ಇದ್ದರೆ ಅದು ಲೋಕದ್ದೇ ತಪ್ಪು. ಆದರೆ ಅವ್ವನ ಮೇಲೆ ಪ್ರಾಣವಿತ್ತು. ಅವಳ ಕಾಯಿಲೆ ಅವನಿಂದ ವಾಸಿಯಾಗುವಂಥದ್ದಲ್ಲ, ಟೇಪ್‌ರೆಕಾರ್ಡರ್ ಮಾತ್ರ ಅವನ ಕೈಯಲ್ಲಿತ್ತು. ಅದಕ್ಕೇ ಇರಬೇಕು, ಅವನು ಆ ಕೆಲಸಕ್ಕೆ ಹಾಗೆ ಬಿದ್ದದ್ದು.

ಮೊದಲ ಸಲ ಪಡಸಾಲೆಯಲ್ಲೇ ಮಾಡಿದರು. ಕೊಪ್ಪದ ಗೆಳೆಯನಿಂದ ಒಂದು ಮೈಕು ತಂದು ಟೇಪ್‌ರೆಕಾರ್ಡರಿಗೆ ಸಿಕ್ಕಿಸಿ ಅಜ್ಜಿಯ ಮುಂದೆ ಸ್ಟೂಲಿನ ಮೇಲಿಟ್ಟ. ಅಜ್ಜಿ ಎಲೆಅಡಿಕೆ ಉಗಿದು, ಸೀರೆ ಸರಿಮಾಡಿಕೊಂಡು, ಎದುರಿಗೆ ಮದುವೆ ಚಪ್ಪರವೇ ಇದೆಯೇನೋ ಅನ್ನುವಂತೆ ಹಾಡಿದಳು. ಟೇಪ್‌ರೆಕಾರ್ಡರಿನ ಮೇಲೊಂದು ಮುಳ್ಳಿತ್ತು, ದನಿ ಏರಿದಂತೆ ಅದೂ ಏರುತ್ತದೆ. ಅದು ಹೋಗಿ ಕೆಂಪು ಗೆರೆಯಾಚೆ ಕೂತಿದ್ದು ಹಾಡು ಮುಗಿಯುವವರೆಗೆ ಇಳಿಯಲೇ ಇಲ್ಲ. ತಿರುಗಿಸಿ ಹಾಕಿದಾಗ ಹಾಡಿನ ತುಂಬ ಗರಗರ ಒಡಕು, ನಡುವೆ ಬಸ್ಸಿನ ಹಾರನ್ನು, ಅಜ್ಜಿಯ ಬಳೆ, ಅಡುಗೆಮನೆಯಲ್ಲಿ ಬಿದ್ದ ಒಂದು ಮುಚ್ಚಳ. ಅಜ್ಜಿ ತನ್ನ ದನಿಯನ್ನು ಹಾಗೆ ಕೇಳಿದ್ದು ಅದೇ ಮೊದಲು. ಅವಳಿಗೆ ನಗು ತಡೆಯಲಾಗಲಿಲ್ಲ.

“ನಾನೇ ಹೌದು ಮಾರಾಯ. ನನ್ನ ಹಿಡಿದು ಎಣ್ಣೆ ಡಬ್ಬಕ್ಕೆ ತುಂಬಿದೀಯ ಅಷ್ಟೇ.”

ಚಿಕ್ಕಪ್ಪನಿಗೆ ನಗು ಬರಲಿಲ್ಲ. ಅವಮಾನವಾದವನಂತೆ ಟೇಪನ್ನು ಹಿಂದಕ್ಕೆ ತಿರುಗಿಸಿ, ಆ ಹಾಡಿನ ಮೇಲೇ ಮತ್ತೆ ತುಂಬಿಸಲು ಸಿದ್ಧಮಾಡಿದ. ಅವನ ಪದ್ಧತಿಯೇ ಅದು. ಕೆಟ್ಟದ್ದು ಯಾರಿಗೂ ಕೇಳಬಾರದು, ಅದರ ಮೇಲೆ ಒಳ್ಳೆಯದು ಬರಬೇಕು. ಹಾಗಾಗಿ ಅಜ್ಜಿ ಅವತ್ತು ಹಾಡಿದ್ದು ಅವತ್ತಿಗೇ ಹೋಯಿತು.

ಮಾರನೆಯ ದಿನದಿಂದ ಬಟ್ಟೆ ಕೋಣೆ. ಬಾಗಿಲಿಗೆ ಎರಡು ಕಂಬಳಿ ತೂಗುಹಾಕಿದರು. ನೆಲಕ್ಕೆ ಜಮಖಾನ. ಬಸ್ಸೂ ಇಲ್ಲ, ಗಿರಾಕಿಯೂ ಇಲ್ಲ. ಆದರೆ ಅಲ್ಲಿ ಇನ್ನೊಂದು ತೊಂದರೆ ಬಂತು. ಅಜ್ಜಿ ಬಾಯಿ ತೆರೆದರೆ ಅವಳ ದನಿ ಅವಳಿಗೇ ವಾಪಸು ಬರುತ್ತಿರಲಿಲ್ಲ, ಆ ಥಾನುಗಳೆಲ್ಲ ಅದನ್ನು ಕುಡಿದುಬಿಡುತ್ತಿದ್ದವು. ಕಿವಿಗೆ ಹತ್ತಿ ಇಟ್ಟು ಹಾಡಿಸಿದ ಹಾಗಾಗುತ್ತದೆ ಅಂತ ಅವಳು ಇನ್ನೂ ಜೋರಾಗಿ ಹಾಡಿದಳು. ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ಆಗ ಚಿಕ್ಕಪ್ಪ ಪಾಠ ಶುರುಮಾಡಿದ.

“ಅವ್ವ, ಮೈಕ್ ನುಂಗ್ತೀಯ ಎಂತ? ಒಂದು ಮೊಳ ಹಿಂದೆ ಕೂತ್ಕ.”

“ಹಿಂದೆ ಕೂತ್ರೆ ಅದಕ್ಕೆ ಕೇಳಬೇಕಲ್ಲೋ.”

“ಅದಕ್ಕೆ ಕಿವಿ ಚುರುಕು. ಪಿಸುಪಿಸು ಅಂದ್ರೂ ಕೇಳ್ತದೆ.”

“ಪಿಸುಪಿಸು ಅನ್ನಕ್ಕೆ ಅದೇನು ನನ್ನ ಗಂಡನಾ?”

ಹೀಗೆ ದಿನಾ ಮಧ್ಯಾಹ್ನ, ಅವಳ ದನಿ ತಿಳಿಯಾಗುವ ಹೊತ್ತಿಗೆ. ಬಾಯನ್ನು ಮೈಕಿನ ನೇರಕ್ಕೆ ಇಡಬೇಡ, ಸ್ವಲ್ಪ ಓರೆಗೆ ಇಡು, ಇಲ್ಲದಿದ್ದರೆ ‘ಪ’ ‘ಭ’ ಅಂದಾಗೆಲ್ಲ ಗಾಳಿ ಹೊಡೆಯುತ್ತದೆ. ಉಸಿರನ್ನು ಬಾಯಲ್ಲಿ ಸೆಳೆಯಬೇಡ, ಮೂಗಿನಲ್ಲಿ ನಿಧಾನ ಎಳೆದುಕೋ. ಹಾಡುವ ಮೊದಲು ಎಲೆಅಡಿಕೆ ಬೇಡ, ಬಿಸಿನೀರು ಕುಡಿ. ಮೊದಲು ಬಾಯಿ ಮುಚ್ಚಿ ಊಂ ಅಂತ ಗಂಟಲು ಹದ ಮಾಡಿಕೊಂಡು ಆಮೇಲೆ ಪದ ಎತ್ತು. ಚಪ್ಪರಕ್ಕೆ ಹಾಡಬೇಡ, ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೊಂಡು ಅವರಿಗಷ್ಟೇ ಹಾಡು. ಆ ಒಬ್ಬರು ನಾನು. ಮೈಕಿನಾಚೆ ಮಣೆಯ ಮೇಲೆ ಕೂತು ಅಜ್ಜಿಯ ಮುಖ ನೋಡುತ್ತಿರಬೇಕು, ಕೆಮ್ಮಬಾರದು, ತುರಿಸಿಕೊಳ್ಳಬಾರದು. ಬಳೆಯ ಸದ್ದು ಬರುತ್ತದೆ ತೆಗೆದಿಡು ಅಂದಾಗ ಮಾತ್ರ ಅಜ್ಜಿ ಚಿಕ್ಕಪ್ಪನನ್ನು ದುರುಗುಟ್ಟಿ ನೋಡಿದಳು. ಗಂಡ ಅಂಗಡಿಯಲ್ಲಿ ಗಟ್ಟಿಯಾಗಿ ಕೂತಿರುವಾಗ ಬಳೆ ತೆಗಿ ಅನ್ನುತ್ತೀಯಲ್ಲ ಅಂತ. ಕೊನೆಗೆ ಒಂದು ರವಿಕೆ ಬಟ್ಟೆ ಹರಿದು ಬಳೆಗಳಿಗೆ ಸುತ್ತಿದರು. ಎರಡೂ ಕೈಗೆ ಗಾಯದ ಪಟ್ಟಿ ಕಟ್ಟಿಕೊಂಡವಳಂತೆ ಕಾಣುತ್ತಿದ್ದಳು.

ಈಗ ನಾನು ಕೊಪ್ಪದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಆನ್‌ಲೈನ್ ಸ್ಪರ್ಧೆಗೆ ಕಳಿಸಬೇಕು ಅಂತ ತಾಯಂದಿರು ಮಕ್ಕಳನ್ನೂ ಮೊಬೈಲನ್ನೂ ಹಿಡಿದುಕೊಂಡು ಬರುತ್ತಾರೆ. ನಾನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಫೋನ್ ದೂರವಿಡಿ, ಬಾಯಿ ಓರೆಗಿಡಿ, ಸೀರೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ನಿಲ್ಲಿಸಿ, ಫ್ಯಾನ್ ಆರಿಸಿ. ಚಿಕ್ಕಪ್ಪ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಒಬ್ಬರಿಗೆ ಹಾಡಿದ ಹಾಗೆ ಹಾಡು ಅನ್ನುವ ಮಾತಂತೂ ಎಂಥ ಹಾಡುಗಾರರಿಗೂ ಬೇಕಾದದ್ದು. ಆದರೂ ಕೆಲವು ಮಕ್ಕಳು, ಅದರಲ್ಲೂ ದೊಡ್ಡ ಗಂಟಲಿನವು, ನನ್ನ ಮಾತು ಕೇಳಿ ಮೆತ್ತಗಾಗುತ್ತ ಹೋಗುವುದನ್ನು ಕಂಡಾಗ ಪಾಠ ಅಲ್ಲಿಗೇ ನಿಲ್ಲಿಸುತ್ತೇನೆ. ಸಾಕು, ಇವತ್ತಿಗೆ ಫೋನ್ ಒಳಗಿಡಿ, ಹಿತ್ತಲಿಗೆ ಹೋಗಿ ಕೂಗಿ ಹಾಡಿ ಅನ್ನುತ್ತೇನೆ. ತಾಯಂದಿರಿಗೆ ಇದು ಹಿಡಿಸುವುದಿಲ್ಲ. ಒಬ್ಬಾಕೆ ಪಾಠ ಬಿಡಿಸಿಯೂ ಬಿಟ್ಟಳು.

ಅಜ್ಜಿ ಕಲಿತಳು. ಅದೇ ಆಶ್ಚರ್ಯ. ಯಾರ ಮಾತನ್ನೂ ಕೇಳದವಳು ಮಗ ಹೇಳಿದ ಹಾಗೆ ಕೂತು, ಅವನು ಕೈ ಇಳಿಸಿದಾಗ ದನಿ ಇಳಿಸಿ, ಬೆರಳು ಎತ್ತಿದಾಗ ಉಸಿರು ನುಂಗಿ, ಒಂದೊಂದೇ ಹಾಡು ಒಪ್ಪಿಸಿದಳು. ನೋವಿತ್ತು, ಒಂದು ಹಾಡು ಮುಗಿದರೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಒಡಕಿಲ್ಲ, ಗರಗರವಿಲ್ಲ, ನುಣ್ಣಗೆ ಬರುತ್ತಿತ್ತು. ಚಿಕ್ಕಪ್ಪ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ ತಲೆದೂಗುತ್ತಿದ್ದ. ನೀನೂ ಕೇಳು ಅಂದರೆ ಅಜ್ಜಿ ಬೇಡ ಅನ್ನುತ್ತಿದ್ದಳು, ನನ್ನ ಹಾಡು ನಾನೇ ಕೇಳಿ ಎಂತ ಆಗಬೇಕು ಅಂತ. ಆದರೆ ಒಂದು ಸಂಜೆ ದೇವರ ಕೋಣೆಯಲ್ಲಿ ಮಂಗಳಾರತಿ ಹಾಡುವಾಗಲೂ ಅವಳ ದನಿ ಹೊಸಿಲು ದಾಟಲಿಲ್ಲ. ಅಂಗಡಿಯಿಂದ ಅಜ್ಜ ಎದ್ದು ಬಂದು, ಇವತ್ತು ಪೂಜೆ ಇಲ್ಲವಾ ಅಂತ ಕೇಳಿದರು. ಕಾಯಿಲೆ ಜೋರಾಯಿತು ಅಂತ ಎಲ್ಲರೂ ಅಂದುಕೊಂಡರು. ಕಾಯಿಲೆಯೋ ಅಭ್ಯಾಸವೋ ಯಾರಿಗೆ ಗೊತ್ತು.

ಹಸೆಗೆ ಕರೆಯುವ ಹಾಡನ್ನು ಅಜ್ಜಿ ಕೊನೆಗೆ ಉಳಿಸಿಕೊಂಡಿದ್ದಳು. ಅದು ಅವಳ ಅತ್ತೆ ಕಲಿಸಿದ್ದು, ಬೇರೆ ಯಾರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಆ ಹಾಡಿನಲ್ಲಿ ಹೆಣ್ಣಿನ ಹೆಸರು ಒಂದು ಕಡೆ, ಗಂಡಿನ ಹೆಸರು ಒಂದು ಕಡೆ ಸೇರಿಸಿ ಹಾಡಬೇಕು. ಹೆಸರಿಲ್ಲದೆ ಹಾಡಿದರೆ ಅದು ಹಾಡೇ ಅಲ್ಲ. ಹಸೆಯ ಮೇಲೆ ಹೆಣ್ಣು ಇಲ್ಲದೆ ಯಾರನ್ನು ಕರೆಯಲಿ ಅಂತ ಅಜ್ಜಿ ಹಟ ಹಿಡಿದಳು. ಚಿಕ್ಕಪ್ಪನಿಗೆ ಅವಸರ. ಆಸ್ಪತ್ರೆಯ ಫೋನ್ ಇವತ್ತೋ ನಾಳೆಯೋ ಅನ್ನುವಂತಾಗಿತ್ತು.

“ಯಾವುದಾದ್ರೂ ಹೆಸರು ಹಾಕಿ ಮುಗ್ಸು ಅವ್ವ.”

“ಯಾವುದಾದ್ರೂ ಯಾಕೆ? ನೀಲಾ ಇದಾಳಲ್ಲ.”

ನೀಲಾ ನಾನು. ಆಗ ಐದನೇ ಕ್ಲಾಸು ಮುಗಿಸಿದ್ದೆ. ಅಜ್ಜಿ ಎದ್ದು ಅಡುಗೆಮನೆಯಿಂದ ಒಂದು ಹಿಡಿ ಅಕ್ಕಿ ತಂದಳು. ನಾನು ಕೂರುತ್ತಿದ್ದ ಮಣೆಯ ಕೆಳಗೆ ನೆಲದಲ್ಲಿ ಅಕ್ಕಿ ಹರಡಿ ಹಸೆ ಬರೆದಳು. ಅಕ್ಕಿ ಯಾಕೆ ಅಂತ ಹಿಂದೆಯೇ ಬಂದ ಅಮ್ಮ ಬಾಗಿಲಲ್ಲಿ ನಿಂತು ನೋಡಿದವಳು ಕಂಬಳಿಯನ್ನು ಹಿಡಿದುಕೊಂಡಳು.

“ಅತ್ತೆ, ಇದೊಂದು ಮಾಡ್ಬೇಡಿ. ನಾನು ಯಾವತ್ತೂ ಏನೂ ಕೇಳಿಲ್ಲ.”

“ಎಂತ ಮಾಡಿದೆ ನಾನು?”

“ಮದುವೆ ಇಲ್ದೆ ಮಗಿನ ಹೆಸರಿಟ್ಟು ಹಸೆ ಹಾಡು ಹಾಡ್ತಾರಾ? ಗಂಡಿನ ಹೆಸರು ಎಲ್ಲಿಂದ ತರ್ತೀರಿ? ಖಾಲಿ ಬಿಟ್ರೆ ಅದು ಖಾಲಿನೇ ಉಳೀತದೆ. ನಮ್ಮ ಅಕ್ಕನ್ನ ನೋಡಿಲ್ವಾ ನೀವು?”

ಅಮ್ಮನ ಅಕ್ಕ ಎನ್.ಆರ್. ಪುರದಲ್ಲಿ ತವರಲ್ಲೇ ಉಳಿದವಳು. ಮದುವೆ ಮಾತು ಗಟ್ಟಿಯಾಗುವ ಮೊದಲೇ ಮನೆಯವರು ಖುಷಿಯಲ್ಲಿ ಅವಳನ್ನು ಕೂರಿಸಿ ಶೋಭಾನೆ ಹಾಡಿದ್ದರು. ಗಂಡಿನ ಕಡೆಯವರು ಹಿಂದೆ ಸರಿದರು, ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಹಾಡಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಈಗ ನಾನು ಹೇಳಬಲ್ಲೆ. ಆದರೆ ದೊಡ್ಡಮ್ಮನ ಆ ಮುಖವನ್ನು ನೋಡಿ ಬೆಳೆದ ಅಮ್ಮನಿಗೆ ಹಾಗೆ ಹೇಳಿ ಒಪ್ಪಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಅಜ್ಜಿ ಅಕ್ಕಿಯ ಗೆರೆಯನ್ನು ಬೆರಳಿನಿಂದ ಸರಿಮಾಡುತ್ತಲೇ ಹೇಳಿದಳು.

“ಇವಳ ಮದುವೆ ಹೊತ್ತಿಗೆ ನಾನು ಎಂತದ್ರಲ್ಲಿ ಹಾಡ್ಲೇ ಲಲಿತಾ? ಕೈಯಲ್ಲಾ?”

ಅಮ್ಮ ಹಿಡಿದ ಕಂಬಳಿ ಬಿಡಲಿಲ್ಲ. ಹೋಗಲೂ ಇಲ್ಲ. ಅಜ್ಜಿ ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆ ತಗ್ಗಿಸು, ಮದುಮಗಳು ಹಾಗೆ ಮಿಕಮಿಕ ನೋಡಬಾರದು ಅಂದಳು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದಳು. ಚಿಕ್ಕಪ್ಪ ಗುಂಡಿ ಒತ್ತಿದ.

“ಒಳಮನೆಯ ಬಾಗಿಲು ತೆಗೆಯಿರೆ, ನಮ್ಮ
ನೀಲಮ್ಮ ಬರುತಾಳೆ ಹಸೆಗೆ…”

ಕಲಿತದ್ದೆಲ್ಲ ಮರೆತುಹೋಯಿತು. ಅವಳು ಚಪ್ಪರಕ್ಕೇ ಹಾಡಿದಳು. ಬಾಯಿ ಓರೆ ಮಾಡಲಿಲ್ಲ, ಉಸಿರು ಅಡಗಿಸಲಿಲ್ಲ. ಚಿಕ್ಕಪ್ಪ ಕೈ ಇಳಿಸಿದ, ಇನ್ನೂ ಇಳಿಸಿದ, ಅವಳು ಅವನ ಕಡೆ ನೋಡಲೇ ಇಲ್ಲ. ಅಷ್ಟೆಲ್ಲ ಬಟ್ಟೆಯನ್ನೂ ಕಂಬಳಿಯನ್ನೂ ದಾಟಿ ಆ ದನಿ ಅಂಗಡಿಗೆ ಕೇಳಿ ಅಜ್ಜ ಗಲ್ಲಾ ಬಿಟ್ಟು ಎದ್ದು ಬಂದರು. ಗಂಡಿನ ಹೆಸರು ಬರುವ ಜಾಗದಲ್ಲಿ ಅಜ್ಜಿ ಬಾಯಿ ಮುಚ್ಚಿ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿ, ಬಳೆ ಝಲ್ಲೆನಿಸಿ ಮುಂದಕ್ಕೆ ಹೋದಳು. ನನಗೆ ಮೈಯೆಲ್ಲ ಬಿಸಿಯಾಗಿ, ತಲೆ ತಗ್ಗಿಸಿದ್ದಲ್ಲೇ ಕಣ್ಣೀರು ಮಣೆಯ ಮೇಲೆ ಬಿತ್ತು. ಅದು ದುಃಖವಲ್ಲ. ಅಷ್ಟು ಗಟ್ಟಿಯಾಗಿ, ನನಗಾಗಿ, ಯಾರೂ ಏನನ್ನೂ ಹೇಳಿದ್ದಿಲ್ಲ, ಅದರಾಚೆಗೂ ಯಾರೂ ಹೇಳಲಿಲ್ಲ.

ಹಾಡು ಮುಗಿದು ಅಜ್ಜಿ ಗೋಡೆಗೆ ಒರಗಿದಳು. ಚಿಕ್ಕಪ್ಪ ತಿರುಗಿಸಿ ಕೇಳಿದ. ಮೊದಲಿನಿಂದ ಕೊನೆವರೆಗೆ ಒಡಕು.

“ಹೋಯ್ತು. ಒಂದು ಅಕ್ಷರ ಸರಿ ಬಂದಿಲ್ಲ.”

“ಅಳಿಸಿಬಿಡಿ ಮಹೇಶಣ್ಣ,” ಅಂದಳು ಅಮ್ಮ.

“ಅಳಿಸ್ದೆ ಎಂತ ಅತ್ತಿಗೆ, ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?”

ಅವರಿಬ್ಬರೂ ಯಾವುದಾದರೂ ವಿಷಯದಲ್ಲಿ ಒಂದೇ ಮಾತು ಆಡಿದ್ದು ಅದೊಂದೇ ಸಲ. ಒಬ್ಬನಿಗೆ ಒಡಕಿನ ಚಿಂತೆ, ಇನ್ನೊಬ್ಬಳಿಗೆ ಅಪಶಕುನದ ಭಯ, ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬಿಸಿನೀರು ಕೇಳಿ ಕುಡಿದಳು. ಕೆಳಗೆ ಬಿದ್ದಿದ್ದ ಬಟ್ಟೆಯನ್ನು ತಾನೇ ಎತ್ತಿ ಬಳೆಗೆ ಸುತ್ತಿಕೊಳ್ಳತೊಡಗಿದಳು. ನನಗೆ, ಎದ್ದು ಆಡ್ಕ ಹೋಗು ಪುಟ್ಟಿ ಅಂದಳು. ಆಮೇಲೆ ಚಿಕ್ಕಪ್ಪ ಹೇಳಿದ ಹಾಗೆ, ನೀಲಮ್ಮ ಅನ್ನುವ ಕಡೆ ಮದುಮಗಳು ಅಂತ, ಗಂಡಿನ ಜಾಗದಲ್ಲಿ ಮದುಮಗ ಅಂತ ಸೇರಿಸಿ, ತಗ್ಗಿಸಿ, ಒಂದೇ ಸಲಕ್ಕೆ ಹಾಡಿ ಕೊಟ್ಟಳು. ಮುಳ್ಳು ಕೆಂಪು ಗೆರೆಯ ಹತ್ತಿರವೂ ಹೋಗಲಿಲ್ಲವಂತೆ. ಚಿಕ್ಕಪ್ಪ ಕ್ಯಾಸೆಟ್ಟಿನ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕಡ್ಡಿಯನ್ನು ಮುರಿದ. ಹಾಗೆ ಮುರಿದರೆ ಮತ್ತೆ ಅದರ ಮೇಲೆ ಯಾರೂ ಏನೂ ತುಂಬಿಸಲು ಬರುವುದಿಲ್ಲ.

ಫೋನ್ ಬಂತು. ಅಪ್ಪ, ಚಿಕ್ಕಪ್ಪ, ಅಜ್ಜಿ ಮಂಗಳೂರಿಗೆ ಹೋದರು. ನಾನೂ ಅಮ್ಮನೂ ಅಜ್ಜನೂ ಮನೆಯಲ್ಲಿ. ಊಟದ ಹೊತ್ತಿಗೆ ಅಜ್ಜನನ್ನು ಕರೆಯಲು ಅಮ್ಮ ಅಂಗಡಿಯ ಬಾಗಿಲವರೆಗೆ ನಡೆದು ಹೋಗುತ್ತಿದ್ದಳು. ಎದುರು ಹೋಟೆಲಿನವನು ದಿನಾ ಬಂದು ಫೋನ್ ಬಂತಾ ಅಂತ ಕೇಳುತ್ತಿದ್ದ. ಸಂಜೆ ಮಂಗಳಾರತಿಗೆ ಯಾರು ಹಾಡಬೇಕು ಅನ್ನುವುದು ಇತ್ಯರ್ಥವಾಗದೆ, ಅಮ್ಮ ಗಂಟೆ ಮಾತ್ರ ಬಾರಿಸಿ ಮುಗಿಸುತ್ತಿದ್ದಳು. ನಾನು ಒಂದು ಸಲ ಶುರುಮಾಡಲು ನೋಡಿದೆ. ಎರಡನೇ ಸಾಲಿಗೆ ಅಮ್ಮನ ಮುಖ ನೋಡಿ ನಿಲ್ಲಿಸಿದೆ.

ಅಜ್ಜಿ ತೆಳ್ಳಗಾಗಿ ಬಂದಳು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ರಂಧ್ರ ಮಾಡಿದ್ದರು, ಅದರ ಮೇಲೆ ತೆಳು ಬಟ್ಟೆ ಇಳಿಬಿಟ್ಟುಕೊಂಡಿರುತ್ತಿದ್ದಳು. ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮನೆಗೆ ಬಂದವರೆಲ್ಲ ಅವಳಿಗೆ ಕಿವಿಯೇ ಕೇಳುವುದಿಲ್ಲವೇನೋ ಅನ್ನುವಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು, ಅವಳು ಕೈಯಲ್ಲಿ ಕಿವಿ ಮುಚ್ಚಿ ತೋರಿಸಿ ನಗುತ್ತಿದ್ದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಒಂದು ಮಧ್ಯಾಹ್ನ ಚಿಕ್ಕಪ್ಪ ಪಡಸಾಲೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಎಲ್ಲರನ್ನೂ ಕರೆದ. ಅಕ್ಕಪಕ್ಕದ ಹೆಂಗಸರೂ ಬಂದರು. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿದರು.

ಹಾಡು ಒಂದೊಂದಾಗಿ ಬಂತು. ನುಣ್ಣಗೆ, ತಿಳಿಯಾಗಿ, ಒಂದೊಂದು ಮಾತೂ ಬಿಡಿಸಿಟ್ಟ ಹಾಗೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಂತಾ ಚಂದ ಬಂದಿದೆ, ರೇಡಿಯೋದಲ್ಲಿ ಬಂದ ಹಾಗಿದೆ ಅಂದರು. ಚಿಕ್ಕಪ್ಪ ಅವ್ವನ ಮುಖವನ್ನೇ ನೋಡುತ್ತಿದ್ದ, ಅವಳು ಒಂದು ಸಲ ತಲೆದೂಗಲಿ ಅಂತ. ಅಜ್ಜಿ ಗಮನವಿಟ್ಟು ಕೇಳಿದಳು. ಗಂಡಿನ ಕಡೆಯ ಹಾಡುಗಾರ್ತಿಯನ್ನು ಕೇಳುವಾಗ ಹೇಗೆ ಕೂರುತ್ತಿದ್ದಳೋ ಹಾಗೆ, ಕತ್ತು ಸ್ವಲ್ಪ ವಾರೆ ಮಾಡಿ, ಮರ್ಯಾದೆಯಿಂದ. ಹಸೆಗೆ ಕರೆಯುವ ಹಾಡು ಬಂದು ಮುಗಿಯಿತು. ಹೆಂಗಸರು ಕಾಫಿ ಕುಡಿದು ಎದ್ದು ಹೋದರು. ಚಿಕ್ಕಪ್ಪ ಕ್ಯಾಸೆಟ್ಟನ್ನು ಅದರ ಡಬ್ಬಿಗೆ ಹಾಕಿ, ಏನೂ ಕೇಳದೆ, ಅಂಗಡಿಗೆ ಹೋದ.

ಅಜ್ಜಿ ನನ್ನನ್ನು ಹತ್ತಿರ ಕರೆದಳು. ಟೇಪ್‌ರೆಕಾರ್ಡರಿನ ಕಡೆ ಬೆರಳು ತೋರಿಸಿ, ಅಂಗೈ ಮಗುಚಿ ಯಾರು ಅಂತ ಕೇಳಿದಳು.

“ನೀನೇ ಅಜ್ಜಿ.”

ಅಲ್ಲ ಅಂತ ತಲೆಯಾಡಿಸಿದಳು. ತಮಾಷೆ ಮಾಡುತ್ತಿದ್ದಾಳೆ ಅಂತ ನಾನು ನಕ್ಕೆ. ಅವಳು ನಗಲಿಲ್ಲ. ಮತ್ತೆ ಕೇಳಿದಳು, ಮತ್ತೆ ನಾನು ಅದನ್ನೇ ಹೇಳಿದೆ, ಮತ್ತೆ ಅಲ್ಲ ಅಂದಳು. ನನಗೆ ಹೆದರಿಕೆಯಾಯಿತು. ಆಗ ಅವಳು ನನ್ನ ಎರಡೂ ಕೈ ಹಿಡಿದು ತನ್ನ ಪಕ್ಕೆಗಳ ಮೇಲೆ ಒತ್ತಿ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಪಕ್ಕೆಗಳು ಅಗಲವಾದವು. ನನ್ನ ಕೈ ದೂರ ತಳ್ಳಿಹೋಗುವಷ್ಟು ಅಗಲವಾಗಿ, ಅಲ್ಲೇ ಬಿಗಿಯಾಗಿ ನಿಂತವು. ಬಾಯಿ ತೆರೆಯಿತು. ಕುತ್ತಿಗೆಯ ಬಟ್ಟೆ ಎದ್ದು ಎದ್ದು ಬೀಳತೊಡಗಿತು. ತುಟಿಗಳ ಮೇಲೆ ನನ್ನ ಹೆಸರು ಬಂದು ಹೋಗುವುದು ಕಂಡಿತು. ಪೂರ್ತಿ ಹಾಡು, ಒಂದು ಸಾಲೂ ಬಿಡದೆ, ಅವಳ ಎಲುಬೆಲ್ಲ ನನ್ನ ಅಂಗೈಯಲ್ಲಿ ನಡುಗುತ್ತಿತ್ತು.

ಅಮ್ಮ ಅಡುಗೆಮನೆಯಿಂದ ಕೂಗಿದಳು.

“ನೀಲಾ, ಎಂತ ಮಾಡ್ತಿದ್ದೀರೇ ಇಬ್ರೂ? ಆವಾಗಿಂದ ಸದ್ದೇ ಇಲ್ಲ?”

“ಅಜ್ಜಿ ಹಾಡ್ತಿದೆ ಅಮ್ಮ,” ಅಂದೆ.